ಬಿಸಿಲಿಗೂ ಮಣಿಯದ ರಿಕೆಟ್ಸ್

ಮಕ್ಕಳ ಎಲುಬಿನ ಬೇನೆಯಲ್ಲಿ ವಂಶದ ಪಾಲು

ಪುಣೆಯಲ್ಲಿ ಬಿಸಿಲಿಗೆ ಬರವಿಲ್ಲ. ಮಳೆಗಾಲದ ಮೋಡ ಕವಿದ ತಿಂಗಳುಗಳನ್ನು ಬಿಟ್ಟರೆ ವರ್ಷದ ಉಳಿದ ಕಾಲವೆಲ್ಲ ಈ ಊರಿನ ಮೇಲೆ ಸೂರ್ಯನ ಕೃಪೆ ಧಾರಾಳವಾಗಿಯೇ ಇರುತ್ತದೆ. ಹೀಗಿದ್ದರೂ, ಬಿಸಿಲಿನ ಅಭಾವದಿಂದ ಬರುವುದೆಂದು ಪಾಠಪುಸ್ತಕಗಳಲ್ಲಿ ನಾವೆಲ್ಲ ಓದಿದ ರಿಕೆಟ್ಸ್ ಎಂಬ ಎಲುಬಿನ ಬೇನೆ ಇಲ್ಲಿಯ ಮಕ್ಕಳನ್ನು ಬಿಟ್ಟಿಲ್ಲ. ನಮ್ಮ ಮರಾಠಿ ನೆರೆಹೊರೆಯವರು ಇದನ್ನು ‘ಮುಡದೂಸ’ ಎಂದು ಕರೆಯುತ್ತಾರೆ. ಮಗುವಿನ ಕಾಲು ಬಿಲ್ಲಿನಂತೆ ಬಾಗುವುದು, ಮಣಿಕಟ್ಟು ಉಬ್ಬುವುದು, ಪಕ್ಕೆಲುಬಿನ ತುದಿಗಳಲ್ಲಿ ಮಣಿ ಪೋಣಿಸಿದಂತೆ ಗಂಟುಗಳು ಏಳುವುದು, ನಡೆಯಬೇಕಾದ ವಯಸ್ಸಿನಲ್ಲಿ ನಡೆಯದಿರುವುದು, ಇವು ಅದರ ಮುಖ್ಯ ಲಕ್ಷಣಗಳು.

ಈ ಬೇನೆಗೆ ತುತ್ತಾದ ಮಕ್ಕಳಲ್ಲಿ ಬಹುಮಂದಿಗೆ ಬಿಸಿಲು ಮತ್ತು ಆಹಾರಗಳ ಕೊರತೆಯೇ ಕಾರಣ. ಅಂಥವರು ‘ಡಿ’ ಜೀವಸತ್ವವೂ ಸುಣ್ಣದ ಅಂಶವೂ ಸರಿಯಾದ ಪ್ರಮಾಣದಲ್ಲಿ ದೊರೆತರೆ ಕೆಲವೇ ತಿಂಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಆದರೆ ಇನ್ನು ಕೆಲವು ಮಕ್ಕಳಿದ್ದಾರೆ. ಅವರಿಗೆ ಬಿಸಿಲು ಕಾಯಿಸಿದರೂ, ಹಾಲು ಕುಡಿಸಿದರೂ, ಸೂಜಿಯ ಮೇಲೆ ಸೂಜಿ ಚುಚ್ಚಿಸಿದರೂ ಕಾಲಿನ ಬಾಗು ಹೆಚ್ಚುತ್ತಲೇ ಹೋಗುತ್ತದೆ. ಅವರ ಬೇನೆಯ ಬೇರು ತಾಯ್ತಂದೆಗಳಿಂದ ಬಂದ ಬಳುವಳಿಯಲ್ಲಿದೆ. ಈ ಭೇದವನ್ನು ಅರಿಯದೆ ಹೋದಲ್ಲಿ ಆಗುವ ಹಾನಿ ಇಮ್ಮಡಿಯಾದುದು. ಒಂದು, ಮಗುವಿನ ಚಿಕಿತ್ಸೆಗೆ ಒದಗಬೇಕಾದ ಅಮೂಲ್ಯ ವರ್ಷಗಳು ವ್ಯರ್ಥವಾಗುತ್ತವೆ. ಎರಡು, ಮಗುವನ್ನು ಸರಿಯಾಗಿ ಸಾಕಲಿಲ್ಲವೆಂದು ಹೆತ್ತವಳ ಮೇಲೆ ಗೂಬೆ ಕೂರಿಸಲಾಗುತ್ತದೆ. ವಂಶದಿಂದ ಬಂದುದಕ್ಕೆ ಮದ್ದಿಲ್ಲವೆಂಬ ನಂಬಿಕೆಯೂ ಸರಿಯಲ್ಲ. ಹೆಸರು ಹಿಡಿದು ಗುರುತಿಸಿದರೆ ಇವುಗಳಲ್ಲಿ ಹೆಚ್ಚಿನವಕ್ಕೆ ಚಿಕಿತ್ಸೆಯುಂಟು. ಆ ಗುರುತನ್ನು ಹಿಡಿಯುವ ಬಗೆಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಎಲುಬು ಗಟ್ಟಿಯಾಗುವ ಬಗೆ

ಬೆಳೆಯುವ ಮಗುವಿನ ಉದ್ದೆಲುಬುಗಳ ತುದಿಯಲ್ಲಿ ಮೃದ್ವಸ್ಥಿಯ ಒಂದು ಪದರವಿರುತ್ತದೆ. ಎಲುಬು ಉದ್ದವಾಗುವುದು ಅಲ್ಲಿಂದಲೇ. ಆ ಮೆತ್ತನೆಯ ಪದರದಲ್ಲಿ ಕ್ಯಾಲ್ಸಿಯಂ ಮತ್ತು ರಂಜಕ ಎಂಬ ಎರಡು ಖನಿಜಗಳು ಕೂಡಿ ನೆಲೆನಿಂತಾಗ ಅದು ಗಟ್ಟಿ ಎಲುಬಾಗುತ್ತದೆ. ರಂಜಕವೆಂದರೆ ವೈದ್ಯರ ಚೀಟಿಗಳಲ್ಲಿ ‘ಫಾಸ್ಫರಸ್’ ಎಂದು ಕಾಣುವ ವಸ್ತು. ಇಟ್ಟಿಗೆಯೊಂದೇ ಇದ್ದರೆ ಗೋಡೆ ಏಳದು, ಗಾರೆಯೊಂದೇ ಇದ್ದರೂ ಏಳದು. ಹಾಗೆಯೇ ಇವೆರಡರಲ್ಲಿ ಯಾವುದು ಕಡಿಮೆಯಾದರೂ ಎಲುಬು ಮೆತ್ತಗೆ ಉಳಿದು, ಮಗು ಎದ್ದು ನಿಲ್ಲತೊಡಗಿದೊಡನೆ ಮೈಭಾರಕ್ಕೆ ಬಾಗುತ್ತದೆ.

ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸೇರಬೇಕಾದರೆ ‘ಡಿ’ ಜೀವಸತ್ವದ ಅಪ್ಪಣೆ ಬೇಕು. ಆ ಅಪ್ಪಣೆ ಹೊರಡುವ ಕ್ರಮ ಕಚೇರಿಯ ಗುಮಾಸ್ತರಿಗೆ ಸುಲಭವಾಗಿ ಅರ್ಥವಾಗುವಂಥದು, ಏಕೆಂದರೆ ಅದು ಮೇಜಿನಿಂದ ಮೇಜಿಗೆ ಸಾಗುವ ಕಡತದಂತಿದೆ. ಬಿಸಿಲು ಬಿದ್ದಾಗ ಚರ್ಮವು ಕರಡನ್ನು ಸಿದ್ಧಪಡಿಸುತ್ತದೆ. ಯಕೃತ್ತು ಅದಕ್ಕೆ ಮೊದಲ ಮೊಹರು ಒತ್ತುತ್ತದೆ. ಮೂತ್ರಪಿಂಡ ಕೊನೆಯ ಸಹಿ ಹಾಕುತ್ತದೆ. ಸಹಿ ಬಿದ್ದ ಮೇಲಷ್ಟೇ ಅದು ಜಾರಿಗೆ ಬರತಕ್ಕ ಆಜ್ಞೆ. ಕರುಳು ಅದನ್ನು ಓದಿಕೊಂಡು ಆಹಾರದ ಕ್ಯಾಲ್ಸಿಯಮನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ರಂಜಕದ ಲೆಕ್ಕವನ್ನು ಹಿಡಿಯುವ ಖಜಾಂಚಿಯೂ ಮೂತ್ರಪಿಂಡವೇ. ಎಷ್ಟನ್ನು ಉಳಿಸಿಕೊಳ್ಳಬೇಕು, ಎಷ್ಟನ್ನು ಮೂತ್ರದಲ್ಲಿ ಹೊರಗೆ ಬಿಡಬೇಕು ಎಂಬ ನಿರ್ಧಾರ ಅಲ್ಲಿ ಆಗುತ್ತದೆ.

ಬಿಸಿಲೇ ದೊರೆಯದಿದ್ದರೆ ಕರಡೇ ಸಿದ್ಧವಾಗದು. ಅದು ಸಾಮಾನ್ಯ ರಿಕೆಟ್ಸ್. ಕರಡು ಸಿದ್ಧವಾಗಿಯೂ ಮುಂದಿನ ಯಾವುದಾದರೊಂದು ಮೇಜಿನಲ್ಲಿ ಹುಟ್ಟಿನಿಂದಲೇ ತೊಡಕಿದ್ದರೆ, ಅಥವಾ ಖಜಾಂಚಿಯ ಕೈ ಸಡಿಲವಾಗಿದ್ದರೆ, ಅದು ವಂಶಾಗತ ರಿಕೆಟ್ಸ್.

ನಾಶಿಕ ಮತ್ತು ಪುಣೆಗಳ ಪಾಠ

ವಂಶದ ಮಾತಿಗೆ ಹೋಗುವ ಮೊದಲು ಬಿಸಿಲಿನ ಮಾತನ್ನು ಮುಗಿಸಬೇಕು. ಬಿಸಿಲ ನಾಡಿನಲ್ಲೂ ಈ ಬೇನೆ ಏಕೆ ಬರುತ್ತದೆಂಬುದನ್ನು ತೋರಿಸಿದ ಹಳೆಯ ಅಧ್ಯಯನಗಳಲ್ಲೊಂದು ನಮ್ಮ ನೆರೆಯ ನಾಶಿಕದಲ್ಲಿಯೇ ನಡೆಯಿತು. ಹಚಿಸನ್ ಮತ್ತು ಶಾಹ ಎಂಬಿಬ್ಬರು ವೈದ್ಯರು ೧೯೨೨ರಲ್ಲಿ ಅದನ್ನು ಪ್ರಕಟಿಸಿದರು. ಪರದೆಯ ಪದ್ಧತಿಯಿಂದ ಹೆಂಗಸರೂ ಮಕ್ಕಳೂ ಮನೆಯೊಳಗೇ ಉಳಿಯುತ್ತಿದ್ದ ಅನುಕೂಲಸ್ಥ ಮನೆತನಗಳಲ್ಲಿ ರಿಕೆಟ್ಸ್ ಹೆಚ್ಚಾಗಿ ಕಂಡುಬಂದಿತು. ಅವರಿಗಿಂತ ಕೀಳುಮಟ್ಟದ ಆಹಾರ ತಿಂದು ಹೊಲಗದ್ದೆಗಳಲ್ಲಿ ದುಡಿಯುತ್ತಿದ್ದ ಬಡವರ ಮಕ್ಕಳಲ್ಲಿ ಅದು ವಿರಳವಾಗಿತ್ತು. ಅಂದರೆ ಉಣ್ಣುವ ಅನ್ನದಷ್ಟೇ ಬೀಳುವ ಬಿಸಿಲೂ ಮುಖ್ಯವೆಂದಾಯಿತು. ಯುರೋಪಿನಲ್ಲಿಯೂ ಅದೇ ಕಾಲದಲ್ಲಿ ಇಂಥದೇ ತಿಳಿವು ಮೂಡುತ್ತಿತ್ತು. ೧೯೧೯ರಲ್ಲಿ ಬರ್ಲಿನಿನ ಹುಲ್ಡ್‌ಶಿನ್‌ಸ್ಕಿ ಎಂಬ ವೈದ್ಯರು ಪಾದರಸದ ದೀಪದ ನೇರಳಾತೀತ ಕಿರಣಗಳಿಂದ ರಿಕೆಟ್ಸ್ ಗುಣಪಡಿಸಿದರು. ೧೯೨೨ರಲ್ಲಿ ಅಮೆರಿಕದ ಮೆಕಾಲಮ್ ಮತ್ತು ಅವರ ಸಂಗಡಿಗರು ಮೀನೆಣ್ಣೆಯಲ್ಲಿದ್ದ ರಿಕೆಟ್ಸ್ ನಿವಾರಕ ಅಂಶವನ್ನು ಬೇರ್ಪಡಿಸಿ ತೋರಿಸಿದರು. ಅದೇ ‘ಡಿ’ ಜೀವಸತ್ವವೆನಿಸಿತು.

ನಾಶಿಕದ ಪಾಠ ಪುಣೆಗೂ ಒಪ್ಪುತ್ತದೆ. ಜಹಾಂಗೀರ್ ಆಸ್ಪತ್ರೆಯ ಸಂಶೋಧನ ಸಂಸ್ಥೆಯ ವೈದ್ಯರು ೨೦೧೦ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಪುಣೆಯ ಕೊಳೆಗೇರಿಯ ಎಳೆಯ ಮಕ್ಕಳನ್ನು ಎರಡು ಗುಂಪಾಗಿ ಪರಿಶೀಲಿಸಲಾಯಿತು. ಶಿಶುವಿಹಾರಕ್ಕೆ ಹೋಗಿ ದಿನವೂ ಬಿಸಿಲಿನಲ್ಲಿ ಆಡುತ್ತಿದ್ದವರು ಒಂದು ಗುಂಪು, ಹಗಲೆಲ್ಲ ಬಹುತೇಕ ಮನೆಯೊಳಗೇ ಉಳಿಯುತ್ತಿದ್ದವರು ಇನ್ನೊಂದು ಗುಂಪು. ಎರಡನೆಯ ಗುಂಪಿನವರಲ್ಲಿ ‘ಡಿ’ ಜೀವಸತ್ವ ಕಡಿಮೆಯಾಗಿತ್ತು, ರಿಕೆಟ್ಸ್ ಹೆಚ್ಚಾಗಿತ್ತು. ಒಂದೇ ಕೋಣೆಯ ಚಾಳಿನ ಮನೆ, ಗಾಳಿಬೆಳಕು ಬಾರದ ಓಣಿ, ಗಂಡ ಹೆಂಡಿರಿಬ್ಬರೂ ಕೆಲಸಕ್ಕೆ ಹೋಗುವ ಸಂಸಾರ, ಇವುಗಳ ನಡುವೆ ಬೆಳೆಯುವ ಮಗುವಿಗೆ ಬಿಸಿಲು ನಾಡಿನಲ್ಲಿದ್ದರೂ ಮೈಮೇಲೆ ಇಲ್ಲ. ಆದುದರಿಂದ ಕಾಲು ಬಾಗಿದ ಮಗುವನ್ನು ಕಂಡ ವೈದ್ಯರು ಮೊದಲು ‘ಡಿ’ ಜೀವಸತ್ವದ ಕೊರತೆಯನ್ನು ಶಂಕಿಸುವುದು ನ್ಯಾಯವೇ ಆಗಿದೆ. ಪ್ರಶ್ನೆ ಏಳುವುದು ಆ ಚಿಕಿತ್ಸೆ ಫಲಿಸದಿದ್ದಾಗ.

ಮದ್ದಿಗೆ ಜಗ್ಗದ ರಿಕೆಟ್ಸ್

೧೯೩೭ರಲ್ಲಿ ಅಮೆರಿಕದ ಬಾಸ್ಟನ್ ನಗರದ ಫುಲ್ಲರ್ ಆಲ್‌ಬ್ರೈಟ್ ಎಂಬ ಪ್ರಸಿದ್ಧ ವೈದ್ಯರೂ ಅವರ ಸಹೋದ್ಯೋಗಿಗಳೂ ಒಬ್ಬ ಹುಡುಗನ ವೃತ್ತಾಂತವನ್ನು ಪ್ರಕಟಿಸಿದರು. ಸಾಮಾನ್ಯ ಪ್ರಮಾಣದ ‘ಡಿ’ ಜೀವಸತ್ವಕ್ಕೆ ಅವನ ರಿಕೆಟ್ಸ್ ಜಗ್ಗಲೇ ಇಲ್ಲ. ಕೊರತೆಯಿಂದ ಬರುವ ರಿಕೆಟ್ಸ್ ಒಂದಾದರೆ, ಜೀವಸತ್ವಕ್ಕೆ ಮಣಿಯದ ರಿಕೆಟ್ಸ್ ಬೇರೆಯೇ ಒಂದುಂಟೆಂಬ ವಿಚಾರ ಅಲ್ಲಿಂದ ಬೆಳೆಯಿತು. ೧೯೫೮ರಲ್ಲಿ ವಿಂಟರ್ಸ್ ಎಂಬುವರ ತಂಡ ಉತ್ತರ ಕ್ಯಾರೊಲಿನಾ ಪ್ರಾಂತದ ಒಂದು ದೊಡ್ಡ ಕುಟುಂಬವನ್ನು ತಲೆಮಾರುಗಳ ಉದ್ದಕ್ಕೂ ಪರಿಶೀಲಿಸಿ, ಈ ಬೇನೆ ಹೇಗೆ ಇಳಿದುಬರುತ್ತದೆಂಬುದನ್ನು ಸ್ಪಷ್ಟಪಡಿಸಿತು. ಕಾಲು ನೆಟ್ಟಗಿದ್ದ ಕೆಲವು ಹೆಂಗಸರ ರಕ್ತದಲ್ಲಿಯೂ ರಂಜಕ ಕಡಿಮೆಯಿತ್ತು. ಕಣ್ಣಿಗೆ ಕಾಣುವ ಬಾಗು ಇಲ್ಲದಿದ್ದರೂ ಬೇನೆಯ ಬೀಜ ಇರಬಹುದೆಂಬುದು ಅಂದು ತಿಳಿದುಬಂದಿತು.

ಇದಕ್ಕೆ ಕಾರಣವಾದ ವಂಶವಾಹಿಯನ್ನು ೧೯೯೫ರಲ್ಲಿ ಕಂಡುಹಿಡಿಯಲಾಯಿತು. ಈಗ ಅದನ್ನು ‘ಫೆಕ್ಸ್’ ಎನ್ನುತ್ತಾರೆ. ಅದರಲ್ಲಿ ದೋಷವಿದ್ದಾಗ ಎಲುಬಿನಿಂದ ಹೊರಡುವ ಒಂದು ಸ್ರಾವ ಮಿತಿಮೀರಿ, ರಂಜಕವನ್ನು ಉಳಿಸಿಕೊಳ್ಳಬೇಡವೆಂದು ಮೂತ್ರಪಿಂಡಕ್ಕೆ ಎಡೆಬಿಡದೆ ಹೇಳುತ್ತದೆ. ಖಜಾಂಚಿ ಖಜಾನೆಯ ಬಾಗಿಲನ್ನು ತೆರೆದಿಡುತ್ತಾನೆ, ರಂಜಕ ಮೂತ್ರದಲ್ಲಿ ಹರಿದುಹೋಗುತ್ತದೆ. ಅದೇ ಸ್ರಾವ ‘ಡಿ’ ಜೀವಸತ್ವದ ಕೊನೆಯ ಸಹಿಗೂ ಅಡ್ಡಿ ಮಾಡುತ್ತದೆ. ಇಂಥ ಮಗುವಿಗೆ ಸಾಮಾನ್ಯ ‘ಡಿ’ ಜೀವಸತ್ವವನ್ನು ಎಷ್ಟು ಕೊಟ್ಟರೂ ತೂತಿನ ಕೊಡಕ್ಕೆ ನೀರು ಹೊಯ್ದಂತೆ. ಸುಮಾರು ೨೦,೦೦೦ ಜನನಗಳಲ್ಲಿ ಒಂದರಂತೆ ಇದು ಕಾಣುತ್ತದೆಂದು ಅಂದಾಜು. ವಂಶಾಗತ ರಿಕೆಟ್ಸ್‌ಗಳ ಪೈಕಿ ಲೋಕದಲ್ಲಿ ಹೆಚ್ಚು ಕಾಣಸಿಗುವುದು ಇದೇ.

ತಂದೆಯಿಂದ ಮಗಳಿಗೆ

ವಂಶವಾಹಿಗಳೆಂದರೆ ದೇಹದ ಲೆಕ್ಕದ ಪುಸ್ತಕಗಳೆಂದು ತಿಳಿಯಬಹುದು. ಹೆಚ್ಚಿನ ಪುಸ್ತಕಗಳಿಗೆ ಎರಡೆರಡು ಪ್ರತಿಗಳುಂಟು, ಒಂದು ತಾಯಿಯಿಂದ, ಒಂದು ತಂದೆಯಿಂದ. ಮೇಲೆ ಹೇಳಿದ ವಂಶವಾಹಿ ಇರುವುದು ‘ಎಕ್ಸ್’ ಎಂಬ ವರ್ಣತಂತುವಿನ ಮೇಲೆ. ಹೆಣ್ಣಿಗೆ ಎರಡು ‘ಎಕ್ಸ್’, ಗಂಡಿಗೆ ಒಂದೇ ‘ಎಕ್ಸ್’. ತಂದೆಯು ತನ್ನ ಆ ಒಂದನ್ನು ಹೆಣ್ಣುಮಕ್ಕಳಿಗೆ ಮಾತ್ರ ಕೊಡುತ್ತಾನೆ, ಗಂಡುಮಕ್ಕಳಿಗೆ ಕೊಡುವುದಿಲ್ಲ. ಆದುದರಿಂದ ಬೇನೆಯಿರುವ ತಂದೆಯ ಹೆಣ್ಣುಮಕ್ಕಳಿಗೆಲ್ಲ ಅದು ಬರುತ್ತದೆ, ಗಂಡುಮಕ್ಕಳಲ್ಲಿ ಯಾರಿಗೂ ಬರುವುದಿಲ್ಲ. ಬೇನೆಯಿರುವುದು ತಾಯಿಗಾದರೆ ಹುಟ್ಟುವ ಪ್ರತಿಯೊಂದು ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ಅರ್ಧದಷ್ಟು ಸಂಭವವಿದೆ. ಕೆಲವು ಮಕ್ಕಳಲ್ಲಿ ತಾಯ್ತಂದೆಯರಿಬ್ಬರಲ್ಲೂ ಇಲ್ಲದ ದೋಷ ಹೊಸದಾಗಿ ಹುಟ್ಟುವುದೂ ಉಂಟು. ನಕಲು ಮಾಡುವ ಗುಮಾಸ್ತನ ಕೈಯಲ್ಲಿ ಒಂದು ಅಕ್ಷರ ತಪ್ಪಿದಂತೆ ಅದು. ಯಾರ ಅಪರಾಧವೂ ಅಲ್ಲ.

ಈ ಲೆಕ್ಕವನ್ನು ಬಲ್ಲವರು ಮನೆಯ ಸೊಸೆಯನ್ನು ದೂರುವ ಮುನ್ನ ಒಂದು ಕ್ಷಣ ತಡೆಯುತ್ತಾರೆ. ‘ಇವಳ ಹಾಲಿನಲ್ಲಿ ಸತ್ವವಿಲ್ಲ’, ‘ಬಸಿರಿಯಲ್ಲಿ ಗ್ರಹಣ ನೋಡಿದಳು’ ಎಂಬ ಮಾತುಗಳು ನಮ್ಮಲ್ಲಿ ಇನ್ನೂ ಕೇಳಿಬರುತ್ತವೆ. ಮಗಳ ಕಾಲಿನ ಬಾಗು ಒಮ್ಮೊಮ್ಮೆ ತಂದೆಯ ಕಾಲಿನಲ್ಲಿಯೇ ಬರೆದಿರುತ್ತದೆ. ಬೆಳಗಿನಿಂದ ರಾತ್ರಿಯವರೆಗೆ ನಿಂತೇ ದುಡಿಯುವ ಹೊಟೇಲು ಕಾರ್ಮಿಕನು ತನ್ನ ಗಿಡ್ಡ ನಿಲುವನ್ನೂ, ಬಾಗಿದ ಮೊಣಕಾಲನ್ನೂ, ತೀರದ ಕೀಲುನೋವನ್ನೂ ಕೆಲಸದ ಫಲವೆಂದೇ ಭಾವಿಸಿರಬಹುದು. ಹುಳುಕಿಲ್ಲದ ಹಲ್ಲಿನ ಬುಡದಲ್ಲಿ ಪದೇ ಪದೇ ಕೀವು ಕಟ್ಟುವುದೂ ಈ ಬೇನೆಯ ಒಂದು ಗುರುತು. ಮಗುವಿಗೆ ಈ ಬೇನೆಯಿದೆಯೆಂದು ತಿಳಿದಾಗ ತಾಯ್ತಂದೆಯರಿಬ್ಬರ ರಕ್ತದ ರಂಜಕವನ್ನೂ ನೋಡಿಸುವುದು ಯುಕ್ತ. ಅನೇಕರಿಗೆ ತಮ್ಮ ನೋವಿನ ನಿಜವಾದ ಹೆಸರು ತಿಳಿಯುವುದು ಮಗುವಿನ ಮೂಲಕವೇ.

ಪರನಾಡಿನಲ್ಲಿರುವ ನಮಗೆ ಇಲ್ಲಿ ಒಂದು ವಿಶೇಷ ತೊಡಕಿದೆ. ‘ನಿಮ್ಮ ಮನೆತನದಲ್ಲಿ ಯಾರಿಗಾದರೂ ಹೀಗಿತ್ತೇ?’ ಎಂದು ವೈದ್ಯರು ಕೇಳಿದಾಗ ‘ಇಲ್ಲ’ ಎಂದು ಥಟ್ಟನೆ ಹೇಳಿಬಿಡುತ್ತೇವೆ. ಹದಿನಾಲ್ಕನೆಯ ವಯಸ್ಸಿಗೆ ಊರು ಬಿಟ್ಟವನಿಗೆ ತನ್ನ ಅಜ್ಜಿಯ ನಿಲುವು ಹೇಗಿತ್ತೆಂಬುದು ನೆನಪಿರದು. ಹೆಂಡತಿಯ ತವರಿನ ಸಂಗತಿ ಇನ್ನೂ ದೂರದ್ದು. ಆದುದರಿಂದ ಆಸ್ಪತ್ರೆಗೆ ಹೋಗುವ ಮುನ್ನ ಕುಂದಾಪುರಕ್ಕೋ, ಕಾರ್ಕಳಕ್ಕೋ, ವಿಜಯಪುರಕ್ಕೋ ಫೋನು ಮಾಡಿ ಹಿರಿಯರನ್ನು ವಿಚಾರಿಸಿರಿ. ಕುಳ್ಳಗೆ ಉಳಿದವರು, ಕಾಲು ಬಾಗಿದವರು, ಎಳವೆಯಲ್ಲೇ ಹಲ್ಲು ಕಳೆದುಕೊಂಡವರು, ಕಾರಣ ತಿಳಿಯದೆ ತೀರಿಹೋದ ಕೂಸುಗಳು, ಇಂಥವರು ಎರಡೂ ಕಡೆಯಲ್ಲಿ ಇದ್ದರೇ ಎಂದು ಕೇಳಿರಿ. ವೈದ್ಯರಿಗೆ ಆ ಮಾಹಿತಿ ಒಂದು ಪರೀಕ್ಷೆಗೆ ಸಮಾನವಾದುದು.

ಇತರ ವಂಶಾಗತ ಕಾರಣಗಳು

ಎರಡನೆಯ ಬಗೆಯಲ್ಲಿ ಮೂತ್ರಪಿಂಡದ ಸಹಿಯೇ ಬೀಳುವುದಿಲ್ಲ. ೧೯೬೧ರಲ್ಲಿ ಸ್ವಿಟ್ಜರ್ಲೆಂಡಿನ ಪ್ರಾಡರ್ ಎಂಬ ಮಕ್ಕಳ ವೈದ್ಯರು ಇದನ್ನು ವಿವರಿಸಿದರು. ಎರಡು ವರ್ಷ ತುಂಬುವ ಮುನ್ನವೇ ಬೇನೆ ಕಾಣಿಸಿಕೊಳ್ಳುತ್ತದೆ, ರಕ್ತದ ಕ್ಯಾಲ್ಸಿಯಂ ಕುಸಿದು ಮಗುವಿಗೆ ಸೆಳವು ಬರುವುದೂ ಉಂಟು. ಸಹಿ ಬಿದ್ದ ರೂಪದ ‘ಡಿ’ ಜೀವಸತ್ವವನ್ನೇ, ಅಂದರೆ ಕ್ಯಾಲ್ಸಿಟ್ರಿಯಾಲ್ ಎಂಬ ಔಷಧವನ್ನು, ಕೊಟ್ಟರೆ ಇಂಥ ಮಕ್ಕಳು ಚೆನ್ನಾಗಿ ಸುಧಾರಿಸುತ್ತಾರೆ. ಆದರೆ ಅದನ್ನು ಜೀವನಪರ್ಯಂತ ಬಿಡದೆ ತೆಗೆದುಕೊಳ್ಳಬೇಕು. ಮೂರನೆಯ ಬಗೆಯಲ್ಲಿ ಸಹಿಯಾದ ಆಜ್ಞೆ ತಲುಪಿದರೂ ಕರುಳಿಗೆ ಅದನ್ನು ಓದಲು ಬಾರದು. ಈ ಮಕ್ಕಳಲ್ಲಿ ಅನೇಕರ ತಲೆಯಲ್ಲಿ ಕೂದಲೇ ಇರುವುದಿಲ್ಲ. ಇದರ ಚಿಕಿತ್ಸೆ ಕಷ್ಟಸಾಧ್ಯ. ಹೆಚ್ಚು ಪ್ರಮಾಣದ ಕ್ಯಾಲ್ಸಿಯಮನ್ನು ಬಾಯಿಯಿಂದ, ಕೆಲವೊಮ್ಮೆ ರಕ್ತನಾಳದ ಮೂಲಕವೇ ಕೊಡಬೇಕಾಗುತ್ತದೆ.

ನಾಲ್ಕನೆಯದು ನಮ್ಮ ದೇಶದಲ್ಲಿ ಮದ್ದಿಗೆ ಜಗ್ಗದ ರಿಕೆಟ್ಸ್‌ಗೆ ಮುಖ್ಯ ಕಾರಣಗಳಲ್ಲೊಂದು. ಇದರಲ್ಲಿ ಮೂತ್ರಪಿಂಡದ ನಾಳಗಳು ದೇಹದಲ್ಲಿ ಹುಟ್ಟುವ ಆಮ್ಲವನ್ನು ಹೊರಹಾಕಲು ಅಸಮರ್ಥವಾಗಿರುತ್ತವೆ. ಆಮ್ಲ ರಕ್ತದಲ್ಲಿ ಉಳಿದು ಎಲುಬಿನ ಖನಿಜವನ್ನು ಕರಗಿಸುತ್ತದೆ. ಮಗು ಬೆಳೆಯುವುದಿಲ್ಲ, ಪದೇ ಪದೇ ವಾಂತಿ ಮಾಡುತ್ತದೆ, ಮಿತಿಮೀರಿ ನೀರು ಕುಡಿಯುತ್ತದೆ, ಮಿತಿಮೀರಿ ಮೂತ್ರ ಮಾಡುತ್ತದೆ, ಕೈಕಾಲು ಸೋತುಬೀಳುತ್ತದೆ. ಕೆಲವರಲ್ಲಿ ಕಿವುಡೂ ಜೊತೆಗೂಡುತ್ತದೆ. ಇದರ ಮುಖ್ಯ ಮದ್ದು ಸೋಡಿಯಂ ಬೈಕಾರ್ಬನೇಟು. ಹೊಟೇಲಿನ ಅಡಿಗೆಮನೆಯಲ್ಲಿ ಹಿಟ್ಟಿಗೆ ಬೆರೆಸುವ ಅಡಿಗೆ ಸೋಡವೂ ಅದೇ ವಸ್ತುವೆಂದು ತಿಳಿದರೆ ನಮ್ಮ ಭಟ್ಟರಿಗೆ ಅಚ್ಚರಿಯಾಗಬಹುದು. ಹಾಗೆಂದು ಡಬ್ಬಿಯಿಂದ ಚಿಟಿಕೆ ತೆಗೆದು ಮಗುವಿಗೆ ಕುಡಿಸಲಾಗದು. ಮಗುವಿನ ತೂಕ, ರಕ್ತದ ಆಮ್ಲತೆ, ಪೊಟ್ಯಾಸಿಯಂ ಇವನ್ನೆಲ್ಲ ಅಳೆದು ವೈದ್ಯರೇ ಪ್ರಮಾಣವನ್ನು ನಿರ್ಧರಿಸಬೇಕು. ಆದರೂ ವರ್ಷಗಟ್ಟಲೆ ಕಾಡಿದ ವಂಶಾಗತ ಬೇನೆಯೊಂದು ಇಷ್ಟು ಅಗ್ಗದ ವಸ್ತುವಿಗೆ ಮಣಿಯಬಲ್ಲುದೆಂಬುದು ಧೈರ್ಯ ತರುವ ಸಂಗತಿ.

ಸೋದರಿಕೆಯ ವಿಚಾರ

ಎರಡನೆಯ ಮತ್ತು ಮೂರನೆಯ ಬಗೆಗಳೂ, ನಾಲ್ಕನೆಯದರ ಅನೇಕ ಪ್ರಸಂಗಗಳೂ ಮಗುವಿಗೆ ಬರುವುದು ಪುಸ್ತಕದ ಎರಡೂ ಪ್ರತಿಗಳಲ್ಲಿ ದೋಷವಿದ್ದಾಗ. ಒಂದು ಪ್ರತಿ ಸರಿಯಿದ್ದವರು ಆರೋಗ್ಯವಂತರಾಗಿಯೇ ಇರುತ್ತಾರೆ, ತಮ್ಮಲ್ಲಿ ದೋಷವಿದೆಯೆಂಬುದು ಅವರಿಗೆ ತಿಳಿಯುವುದೂ ಇಲ್ಲ. ಅಂಥ ಇಬ್ಬರು ಮದುವೆಯಾದರೆ ಪ್ರತಿ ಮಗುವಿಗೂ ನಾಲ್ಕರಲ್ಲೊಂದು ಸಂಭವ. ಹತ್ತಿರದ ರಕ್ತಸಂಬಂಧಿಗಳಲ್ಲಿ ಒಂದೇ ಅಜ್ಜನಿಂದ ಬಂದ ಒಂದೇ ದೋಷ ಇಬ್ಬರಲ್ಲೂ ಇರುವ ಸಾಧ್ಯತೆ ಹೆಚ್ಚು.

ಕನ್ನಡನಾಡಿನ ಹಲವು ಸಮುದಾಯಗಳಲ್ಲಿ ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದೂ, ಅತ್ತೆಯ ಮಗನಿಗೆ ಮಾವನ ಮಗಳನ್ನು ತರುವುದೂ ರೂಢಿ. ೧೯೮೦ರಿಂದ ೧೯೮೯ರವರೆಗೆ ಕರ್ನಾಟಕದಲ್ಲಿ ಒಂದು ಲಕ್ಷಕ್ಕೂ ಮಿಕ್ಕ ದಂಪತಿಗಳನ್ನು ಕುರಿತು ನಡೆದ ಅಧ್ಯಯನದಲ್ಲಿ ಹತ್ತರಲ್ಲಿ ಮೂರರಷ್ಟು ಮದುವೆಗಳು ರಕ್ತಸಂಬಂಧದೊಳಗಿನವಾಗಿದ್ದವು. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿಯೂ ಕರ್ನಾಟಕದ ಈ ಪ್ರಮಾಣ ಸುಮಾರು ಕಾಲುಭಾಗದಷ್ಟಿತ್ತು. ಪುಣೆಗೆ ಬಂದ ನಾವು ಅಂಗಿಯನ್ನೂ ಭಾಷೆಯನ್ನೂ ಎಷ್ಟು ಬದಲಿಸಿದರೂ ಹೆಣ್ಣು ನೋಡಲು ಊರಿಗೇ ಹೋಗುತ್ತೇವಲ್ಲವೆ? ಸೋದರಿಕೆಯ ಮದುವೆಯಾದವರ ಮಕ್ಕಳಲ್ಲಿ ಬಹುಮಂದಿ ಆರೋಗ್ಯವಂತರೇ. ಆ ಮದುವೆಗಳನ್ನು ಹಳಿಯುವುದು ಇಲ್ಲಿಯ ಉದ್ದೇಶವಲ್ಲ. ಮಗುವಿಗೆ ರಿಕೆಟ್ಸ್ ಬಂದಾಗ ತಾಯ್ತಂದೆಯರ ಸಂಬಂಧವನ್ನು ವೈದ್ಯರಿಂದ ಮುಚ್ಚಿಡಬಾರದು. ಕುಟುಂಬದಲ್ಲಿ ಇಂಥ ಮಗು ಈಗಾಗಲೇ ಹುಟ್ಟಿದ್ದರೆ ಅದೇ ಮನೆತನದೊಳಗೆ ಮತ್ತೊಂದು ಸಂಬಂಧ ಬೆಳೆಸುವ ಮುನ್ನ ತಜ್ಞರ ಸಲಹೆ ಕೇಳಬೇಕು. ಮೊದಲು ವಿವರಿಸಿದ, ರಂಜಕ ಸೋರಿಹೋಗುವ ಬೇನೆಗಾದರೋ ಸೋದರಿಕೆಯ ಹಂಗಿಲ್ಲ. ಅದು ಹೊರಗಿನ ಸಂಬಂಧದಲ್ಲಿಯೂ ಬರುತ್ತದೆ.

ಹೆಸರು ತಪ್ಪಿದರೆ ಏನಾಗುತ್ತದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ನಿದರ್ಶನವಿದೆ. ಶಿವಮೊಗ್ಗ 	ಜಿಲ್ಲೆಯ ಸಾಗರದ ಬಳಿಯ ಹಂದಿಗೋಡು ಗ್ರಾಮದಲ್ಲಿ ೧೯೭೪–೭೫ರ ಸುಮಾರಿಗೆ ಸೊಂಟದ ಕೀಲು ಸವೆದು ಜನ ನಡೆಯಲಾರದೆ ಹೋಗುವ ಬೇನೆಯೊಂದು ಬೆಳಕಿಗೆ ಬಂದಿತು. ಅದು ರಿಕೆಟ್ಸ್ ಅಲ್ಲ, ಬೇರೆಯೇ ಒಂದು ಎಲುಬಿನ ಬೇನೆ. ಕೀಟನಾಶಕ ಬಿದ್ದ ಗದ್ದೆಗಳ ಏಡಿ ತಿಂದುದರಿಂದ ಬಂದಿತೆಂಬ ಶಂಕೆ ಆಗ ಬಲವಾಗಿತ್ತು. ಮುಂದಿನ ಅಧ್ಯಯನಗಳು ಅದು ತಲೆಮಾರಿನಿಂದ ತಲೆಮಾರಿಗೆ ಇಳಿಯುವ ವಂಶಾಗತ ದೋಷವೆಂದು ತೋರಿಸಿದವು. ಅಲ್ಲಿಯ ಬಡ ದಲಿತ ಕುಟುಂಬಗಳಿಗೆ ಬೇನೆಯನ್ನು ಬುಡದಿಂದ ಕೀಳುವ ಮದ್ದು ಇಂದಿಗೂ ದೊರೆತಿಲ್ಲ. ರಿಕೆಟ್ಸ್‌ನ ಮಕ್ಕಳ ಪುಣ್ಯವೆಂದರೆ ಅವರ ಬೇನೆಗೆ ಮದ್ದಿದೆ. ಇರುವ ಮದ್ದು ಸಕಾಲದಲ್ಲಿ ಸಿಗದೆ ಹೋಗುವುದೇ ದುಃಖದ ಮಾತು.

ಪರೀಕ್ಷೆಯ ಚೀಟಿಯನ್ನು ಓದುವ ಬಗೆ

ಬಾಗಿದ ಕಾಲೆಲ್ಲ ರಿಕೆಟ್ಸ್ ಅಲ್ಲ ಎಂಬುದನ್ನು ಮೊದಲು ಹೇಳಬೇಕು. ಎರಡು ವರ್ಷದೊಳಗಿನ ಮಗುವಿನ ಕಾಲು ತುಸು ಬಾಗಿರುವುದು ಸಹಜ. ಮೂರು ನಾಲ್ಕು ವರ್ಷಕ್ಕೆ ಮೊಣಕಾಲುಗಳು ಒಳಮುಖವಾಗಿ ತಾಗುವುದೂ ಸಹಜವೇ. ಬಾಗು ದಿನೇ ದಿನೇ ಹೆಚ್ಚಿದರೆ, ಒಂದೇ ಕಾಲಿನಲ್ಲಿದ್ದರೆ, ಮಗು ಕುಳ್ಳಗೆ ಉಳಿದರೆ, ಮಣಿಕಟ್ಟು ಉಬ್ಬಿದರೆ ತಡಮಾಡಬಾರದು.

ರಿಕೆಟ್ಸ್ ಎಂದು ನಿಶ್ಚಯವಾದಾಗ, ಕೊರತೆಯಿಂದ ಬಂದುದಕ್ಕೆ ಕನಿಷ್ಠ ಮೂರು ತಿಂಗಳ ಕಾಲ ದಿನಕ್ಕೆ ೨೦೦೦ ಮಾನಕ್ಕೆ ಕಡಿಮೆಯಾಗದಂತೆ ‘ಡಿ’ ಜೀವಸತ್ವವನ್ನೂ, ಜೊತೆಗೆ ೫೦೦ ಮಿಲಿಗ್ರಾಂ ಕ್ಯಾಲ್ಸಿಯಮನ್ನೂ ಕೊಡಬೇಕೆಂದು ೨೦೧೬ರಲ್ಲಿ ಹಲವು ದೇಶಗಳ ತಜ್ಞರು ಒಮ್ಮತದಿಂದ ಹೇಳಿದ್ದಾರೆ. ಮಣಿಕಟ್ಟಿನ ಕ್ಷಕಿರಣ ಚಿತ್ರವನ್ನು ಮತ್ತೆ ತೆಗೆದಾಗ ಎಲುಬಿನ ತುದಿಯಲ್ಲಿ ಹೊಸ ಬಿಳಿಯ ಗೆರೆ ಮೂಡಿದ್ದರೆ ಗುಣವಾಗುತ್ತಿದೆಯೆಂದು ಅರ್ಥ. ಮದ್ದನ್ನು ಕ್ರಮವಾಗಿ ಕೊಟ್ಟೂ ಗೆರೆ ಮೂಡದಿದ್ದರೆ ಅದೇ ಮದ್ದನ್ನು ಇಮ್ಮಡಿಸುವುದು ಪರಿಹಾರವಲ್ಲ, ಕಾರಣವನ್ನು ಹುಡುಕಬೇಕು. ಒಬ್ಬ ವೈದ್ಯರು ಕೊಟ್ಟ ದೊಡ್ಡ ಪ್ರಮಾಣದ ಸೂಜಿಯನ್ನು ಮರೆತು ಇನ್ನೊಬ್ಬರಲ್ಲಿ ಮತ್ತೊಂದನ್ನು ಚುಚ್ಚಿಸುವ ಅಭ್ಯಾಸ ಅಪಾಯಕರ. ‘ಡಿ’ ಜೀವಸತ್ವ ಮಿತಿಮೀರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಹಾನಿಯಾಗುತ್ತದೆ. ಹಳೆಯ ಚೀಟಿಗಳನ್ನೆಲ್ಲ ಒಂದು ಚೀಲದಲ್ಲಿ ಕಟ್ಟಿಟ್ಟುಕೊಂಡು ಪ್ರತಿಸಲವೂ ತೋರಿಸಿರಿ.

ರಕ್ತದಲ್ಲಿ ಕ್ಯಾಲ್ಸಿಯಂ, ಫಾಸ್ಫರಸ್, ಆಲ್ಕಲೈನ್ ಫಾಸ್ಫಟೇಸ್, ಕ್ರಿಯಾಟಿನಿನ್, ಬೈಕಾರ್ಬನೇಟು, ಪೊಟ್ಯಾಸಿಯಂ, ‘ಡಿ’ ಜೀವಸತ್ವ, ಪ್ಯಾರಾಥೈರಾಯಿಡ್ ಸ್ರಾವ ಇವನ್ನೂ, ಮೂತ್ರದಲ್ಲಿ ಫಾಸ್ಫರಸ್ ಮತ್ತು ಕ್ಯಾಲ್ಸಿಯಂಗಳನ್ನೂ ನೋಡಿದರೆ ಕಾರಣದ ಜಾಡು ಬಹುಮಟ್ಟಿಗೆ ಸಿಗುತ್ತದೆ. ಅಂಕಿ ಓದಿ ಅಭ್ಯಾಸವಿರುವ ಗುಮಾಸ್ತ ಬಂಧುಗಳು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಫಾಸ್ಫರಸ್‌ನ ಸಹಜ ಪ್ರಮಾಣ ದೊಡ್ಡವರಲ್ಲಿ ಸುಮಾರು ೨.೫ರಿಂದ ೪.೫ ಮಿಲಿಗ್ರಾಂ. ಒಂದೆರಡು ವರ್ಷದ ಮಗುವಿನಲ್ಲಿ ಅದು ಸುಮಾರು ೪ರಿಂದ ೬.೫. ಪ್ರಯೋಗಶಾಲೆಯ ಚೀಟಿಯಲ್ಲಿ ದೊಡ್ಡವರ ಮಿತಿಯನ್ನೇ ಮುದ್ರಿಸಿದ್ದರೆ, ೨.೮ ಎಂಬ ಅಂಕಿ ಮಗುವಿಗೆ ತೀರ ಕಡಿಮೆಯಾಗಿದ್ದರೂ ‘ಸರಿಯಿದೆ’ ಎಂದೇ ಕಾಣುತ್ತದೆ. ‘ಇದು ಮಗುವಿನ ವಯಸ್ಸಿಗೆ ಸರಿಯೇ?’ ಎಂಬ ಒಂದು ಪ್ರಶ್ನೆಯನ್ನು ವೈದ್ಯರಲ್ಲಿ ಕೇಳುವುದರಿಂದ ಎಷ್ಟೋ ವರ್ಷಗಳು ಉಳಿಯಬಹುದು. ವಂಶವಾಹಿಯ ಪರೀಕ್ಷೆ ಖಚಿತತೆಗೆ ಸಹಾಯಕ, ಆದರೆ ಅದಕ್ಕೆ ಹಣ ಹೊಂದಿಸುವವರೆಗೆ ಚಿಕಿತ್ಸೆಯನ್ನು ನಿಲ್ಲಿಸಬೇಕಾಗಿಲ್ಲ.

ಚಿಕಿತ್ಸೆಯ ದಾರಿ

ರಂಜಕ ಸೋರುವ ಬೇನೆಗೆ ದಶಕಗಳಿಂದ ನಡೆದುಬಂದ ಚಿಕಿತ್ಸೆಯೆಂದರೆ ರಂಜಕದ ದ್ರಾವಣವನ್ನು ದಿನಕ್ಕೆ ನಾಲ್ಕೈದು ಸಲ ಕುಡಿಸುವುದು, ಜೊತೆಗೆ ಸಹಿ ಬಿದ್ದ ರೂಪದ ‘ಡಿ’ ಜೀವಸತ್ವ ಕೊಡುವುದು. ದ್ರಾವಣಕ್ಕೆ ರುಚಿಯಿಲ್ಲ, ಕೆಲವೊಮ್ಮೆ ಭೇದಿಯಾಗುತ್ತದೆ, ಮಗು ಹಟ ಮಾಡುತ್ತದೆ. ಆದರೂ ತಪ್ಪಿಸುವಂತಿಲ್ಲ, ಏಕೆಂದರೆ ಒಮ್ಮೆಗೇ ಹೆಚ್ಚು ಕೊಟ್ಟರೆ ಅದು ಬೇಗನೆ ಹರಿದುಹೋಗುತ್ತದೆ. ಮೂತ್ರಪಿಂಡದಲ್ಲಿ ಕ್ಯಾಲ್ಸಿಯಂ ಕಟ್ಟದಂತೆ ಆಗಾಗ ಪರೀಕ್ಷೆಯೂ ಬೇಕು. ೨೦೧೮ರಲ್ಲಿ ಅಮೆರಿಕ, ಯುರೋಪುಗಳಲ್ಲಿ ಬುರೊಸುಮ್ಯಾಬ್ ಎಂಬ ಹೊಸ ಚುಚ್ಚುಮದ್ದಿಗೆ ಮನ್ನಣೆ ದೊರೆಯಿತು. ಅದು ಮಿತಿಮೀರಿದ ಸ್ರಾವವನ್ನೇ ತಡೆಯುತ್ತದೆ, ಮಕ್ಕಳಿಗೆ ಎರಡು ವಾರಕ್ಕೊಮ್ಮೆ ಕೊಡಬೇಕು. ಅದರ ಬೆಲೆ ಸಂಬಳದ ಮೇಲೆ ಬದುಕುವವರ ಕೈಗೆ ಎಟುಕದಷ್ಟು ದೊಡ್ಡದು. ಹಳೆಯ ಚಿಕಿತ್ಸೆಯಾದರೂ ಬೇಗನೆ ಆರಂಭವಾದರೆ, ಸಾಧ್ಯವಾದಲ್ಲಿ ಮಗುವಿಗೆ ವರ್ಷ ತುಂಬುವ ಮುನ್ನವೇ ಆರಂಭವಾದರೆ, ನಿಲುವೂ ಕಾಲೂ ಬಹುಮಟ್ಟಿಗೆ ಉಳಿಯುತ್ತವೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ಇಲ್ಲಿ ತಿರುಗಿಸಿ ಹೇಳಬೇಕು: ಗಿಡವಾಗಿದ್ದಾಗ ನೆಟ್ಟಗಾಗದ ಎಲುಬು ಮರವಾದ ಮೇಲೆ ಮದ್ದಿನಿಂದ ನೆಟ್ಟಗಾಗದು. ಶಸ್ತ್ರಚಿಕಿತ್ಸೆಯಿಂದ ಕಾಲನ್ನು ನೇರಮಾಡಬಹುದು, ಆದರೆ ಒಳಗಿನ ಬೇನೆ ಹತೋಟಿಗೆ ಬರುವ ಮುನ್ನ ಮಾಡಿಸಿದರೆ ಎಲುಬು ಮತ್ತೆ ಬಾಗುತ್ತದೆ.

ಪುಣೆಯಲ್ಲಿ ರೈಲು ನಿಲ್ದಾಣದ ಬಳಿಯ ಸಸೂನ್ ಸರಕಾರಿ ಆಸ್ಪತ್ರೆಯಲ್ಲಿಯೂ, ರಾಸ್ತಾ ಪೇಟೆಯ ಕೆ.ಇ.ಎಂ. ಆಸ್ಪತ್ರೆಯಲ್ಲಿಯೂ ಮಕ್ಕಳ ವಿಭಾಗಗಳಿವೆ. ರಾಜ್ಯ ವಿಮೆಯ, ಅಂದರೆ ಇ.ಎಸ್.ಐ.ನ ಕಾರ್ಡುಳ್ಳ ಕಾರ್ಮಿಕರ ಮಕ್ಕಳಿಗೂ ಆ ಯೋಜನೆಯ ವೈದ್ಯಕೀಯ ಸೌಲಭ್ಯ ಸಲ್ಲುತ್ತದೆ. ಬಿಬವೇವಾಡಿಯಲ್ಲಿ ಅದರ ಆಸ್ಪತ್ರೆಯಿದೆ. ಊರಿನಲ್ಲಿ ಅಜ್ಜಿಯ ಬಳಿ ಬೆಳೆಯುತ್ತಿರುವ ಮಗುವಾದರೆ, ರಜೆಗೆ ಹೋದಾಗ ಅದನ್ನು ಚಡ್ಡಿಯಲ್ಲಿ ನಿಲ್ಲಿಸಿ ಕಾಲನ್ನೊಮ್ಮೆ ನೋಡಿರಿ, ನಡಿಗೆಯನ್ನು ಗಮನಿಸಿರಿ. ವರ್ಷಕ್ಕೊಮ್ಮೆ ಬರುವ ತಂದೆಯ ಕಣ್ಣಿಗೆ ದಿನವೂ ನೋಡುವವರಿಗೆ ಕಾಣದ ಬದಲಾವಣೆ ಕಾಣುವುದುಂಟು.

ಹಾಲುಣ್ಣುವ ಕೂಸುಗಳಿಗೆ ಮೊದಲ ವರ್ಷ ದಿನಕ್ಕೆ ೪೦೦ ಮಾನ ‘ಡಿ’ ಜೀವಸತ್ವದ ಹನಿ ಹಾಕಬೇಕೆಂದು ಭಾರತದ ಮಕ್ಕಳ ವೈದ್ಯರ ಅಕಾಡೆಮಿ ಹೇಳುತ್ತದೆ. ಅದನ್ನು ಎಲ್ಲರೂ ಪಾಲಿಸಿದರೆ ಕೊರತೆಯ ರಿಕೆಟ್ಸ್ ಬಹಳಷ್ಟು ತಗ್ಗುತ್ತದೆ. ಆಗಲೂ ಕಾಲು ಬಾಗುವ ಮಕ್ಕಳು ಕೆಲವರು ಉಳಿಯುತ್ತಾರೆ. ಅವರ ತಾಯಂದಿರು ಏನನ್ನೂ ಕಡಿಮೆ ಮಾಡಿಲ್ಲ. ಆ ಮಕ್ಕಳಿಗೆ ಬೇಕಾಗಿರುವುದು ಮೂರು ತಿಂಗಳಲ್ಲಿ ಗುಣ ಕಾಣದಾಗ ‘ಇನ್ನೇನು ಕಾರಣವಿರಬಹುದು?’ ಎಂದು ಕೇಳುವ ತಂದೆ, ಮತ್ತು ಆ ಪ್ರಶ್ನೆಗೆ ಉತ್ತರ ಹುಡುಕುವ ಒಂದು ರಕ್ತಪರೀಕ್ಷೆ.